ಬಳಚು ಬದುಕಿಸಿ ಬೆಂಗಳೂರಿಗೆ ತಂದದ್ದು

ಹೊಳೆ ಸಮುದ್ರ ಸೇರುವ ಅಳಿವೆಯಲ್ಲಿ ಸಿಗುವ ಚಿಪ್ಪುಮೀನು ಬಳಚು. ಜೀವ ಇರುವ ಬಳಚನ್ನು ಬೆಂಗಳೂರಿಗೆ ತರಲು ಆಗುವುದಿಲ್ಲ ಅಂದವರು ಒಬ್ಬಿಬ್ಬರಲ್ಲ. ಕುಮಟಾ ಮೀನುಪೇಟೆಯ ಹೆಂಗಸರು ಅಂದರು, ದೀವಗಿಯ ನನ್ನ ಸೋದರಮಾವ ಅಂದರು, ಬೆಂಗಳೂರಲ್ಲಿ ಮೀನಂಗಡಿ ಇಟ್ಟಿರುವ ಗೆಳೆಯನೂ ಅಂದ. ಮಾವನದು ಒಂದೇ ಮಾತು: "ಸತ್ತ ಬಳಚು ತಿನ್ಸಿ ಜನರ ಹೊಟ್ಟೆ ಕೆಡಿಸ್ಬೇಡ ಮಾರಾಯಾ, ಸುಮ್ನೆ ಬಂಗಡೆ ತಗಂಡು ಹೋಗು." ಈಗ ಎರಡು ಚಳಿಗಾಲದಿಂದ ತರುತ್ತಿದ್ದೇನೆ. ನೂರಕ್ಕೆ ಐದಾರು ಸಾಯುತ್ತವೆ, ಅಷ್ಟೇ. ದಾಸರಹಳ್ಳಿಯ ನಮ್ಮ ತಾರಸಿಯಲ್ಲಿ ಭಾನುವಾರ ರಾತ್ರಿ ಮೂವತ್ತು ಎಲೆ ಹಾಕಿ ದುಡ್ಡಿಗೆ ಊಟ ಬಡಿಸುತ್ತೇನೆ, ಒಂದೂ ಖಾಲಿ ಉಳಿಯುವುದಿಲ್ಲ. ಇದೇ ಕೆಲಸ ಮಾಡುವ ನಾಲ್ಕೈದು ಜನ ಕೇಳಿದ್ದರಿಂದ ಬರೆಯುತ್ತಿದ್ದೇನೆ. ಸುಕ್ಕಾ ಹೇಗೆ ಮಾಡುವುದು, ಚಿಪ್ಪು ಹೇಗೆ ಬಿಡಿಸುವುದು ಎಂಬುದೆಲ್ಲ ನಿಮಗೆ ಗೊತ್ತೇ ಇದೆ, ಅದನ್ನು ಬಿಡುತ್ತೇನೆ.

ಬಳಚೇ ಯಾಕೆ ಅಂತ ಮೊದಲು ಹೇಳಿಬಿಡುತ್ತೇನೆ. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಕರಾವಳಿಯ ಸಣ್ಣ ಊರುಗಳನ್ನು ಸುತ್ತುವುದು ನನಗೆ ಬಹಳ ವರ್ಷದ ಅಭ್ಯಾಸ. ಗಂಗೊಳ್ಳಿ, ಬೈಂದೂರು, ಭಟ್ಕಳ, ಹೊನ್ನಾವರ, ಅಂಕೋಲಾ. ಸೆಕೆ ಇರುವುದಿಲ್ಲ, ಆರೇಳು ನೂರಕ್ಕೆ ಲಾಡ್ಜ್ ಸಿಗುತ್ತದೆ, ಯಾವುದಾದರೂ ಗದ್ದೆಬಯಲಲ್ಲಿ ರಾತ್ರಿ ಯಕ್ಷಗಾನದ ಆಟ ಇದ್ದೇ ಇರುತ್ತದೆ. ಹೋದಲ್ಲೆಲ್ಲ ಏನಾದರೂ ಹೊತ್ತು ತಂದು ಮನೆಯಲ್ಲಿ ಊಟ ಹಾಕಿ ನೋಡಿದೆ. ಗಂಗೊಳ್ಳಿಯಿಂದ ಐಸ್ ಹಾಕಿ ಕಾಣೆ ಮೀನು ತಂದೆ. ಚೆನ್ನಾಗಿತ್ತು, ಆದರೆ ಮಲ್ಪೆ ಕಡೆಯ ಮೀನು ದಿನವೂ ರಾತ್ರಿ ಲಾರಿ ಹತ್ತಿ ಬೆಂಗಳೂರಿಗೆ ಬರುತ್ತದೆ. ಅದೇ ಕಾಣೆಗೆ ನನ್ನ ಮನೆಗೆ ಬಂದು ನಾನೂರು ರೂಪಾಯಿ ಯಾರು ಕೊಡುತ್ತಾರೆ? ಶಿರಸಿ ಕಡೆಯ ಆಲೆಮನೆಯಿಂದ ಜೋನಿಬೆಲ್ಲ, ಅಂದರೆ ನೀರುಬೆಲ್ಲ ತಂದೆ, ಅದು ಇಂದಿಗೂ ಹೋಗುತ್ತದೆ. ಕಾಗದದಷ್ಟು ತೆಳುವಾದ ಸಿಹಿತಿಂಡಿ ತೊಡದೇವು ತಂದೆ, ಅರ್ಧಕ್ಕರ್ಧ ಪುಡಿಯಾಯಿತು. ಈಗ ಸ್ಟೀಲ್ ಡಬ್ಬದಲ್ಲಿ ಬಟ್ಟೆ ಸುತ್ತಿ ತರುತ್ತೇನೆ, ಬಾಳೆಲೆಯ ತುದಿಗೆ ಒಂದೊಂದು ಮಡಿಕೆ ಇಡುತ್ತೇನೆ. ಇಷ್ಟೆಲ್ಲ ಮಾಡಿದ ಮೇಲೆ ಗೊತ್ತಾದದ್ದು, ಬೆಂಗಳೂರಲ್ಲಿ ದುಡ್ಡು ಕೊಟ್ಟರೂ ಸಿಗದ್ದು ಜೀವಂತ ಬಳಚು ಒಂದೇ. ಅಂಗಡಿಯ ಫ್ರೀಜರ್‌ನಲ್ಲಿರುವ ಬಿಡಿಸಿದ ಮಾಂಸಕ್ಕೆ ಆ ಸಿಹಿ ಇರುವುದಿಲ್ಲ.

ಎಲ್ಲಿಯ ಬಳಚು ಎಂಬುದರ ಮೇಲೆ ಅರ್ಧ ಕೆಲಸ ನಿಂತಿದೆ. ಮೊದಲು ಹೊನ್ನಾವರದಲ್ಲಿ ಹುಡುಕಿದೆ. ಶರಾವತಿಗೆ ಲಿಂಗನಮಕ್ಕಿಯಿಂದ ಹಿಡಿದು ವಿದ್ಯುತ್ ಮನೆಗಳಿವೆ, ಅಲ್ಲಿಂದ ವರ್ಷವಿಡೀ ಸಿಹಿನೀರು ಇಳಿದು ಬರುತ್ತದೆ. ಅಳಿವೆಯಲ್ಲಿ ಉಪ್ಪಿನಂಶ ಏರುವುದೇ ಇಲ್ಲ, ಬಳಚೂ ಕಡಿಮೆ. ಕುಮಟಾ ಪಕ್ಕದ ಅಘನಾಶಿನಿಗೆ ಅಣೆಕಟ್ಟು ಇಲ್ಲ. ಮಳೆನೀರು ಇಳಿದ ಮೇಲೆ ಸಮುದ್ರದ ಉಪ್ಪು ಮೇಲಕ್ಕೆ ಏರುತ್ತ ಹೋಗುತ್ತದೆ, ಸಂಕ್ರಾಂತಿ ಹೊತ್ತಿಗೆ ಬಳಚು ತುಂಬಿಕೊಂಡಿರುತ್ತದೆ. 2024ರ ಜನವರಿ ಕೊನೆಗೆ ಈ ಅಳಿವೆ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿದ ಸುದ್ದಿ ಬಂದಾಗ ನಮ್ಮ ಊಟಕ್ಕೆ ಬರುವವರಿಗೆಲ್ಲ ಅಭಿಮಾನದಿಂದ ಹೇಳಿಕೊಂಡಿದ್ದೆ. ಮರಿ ಬಳಚನ್ನು ನಾನು ಕೊಳ್ಳುವುದಿಲ್ಲ. ದೊಡ್ಡದನ್ನೇ ಆರಿಸಿ ಕೊಡಿ ಅಂತ ನೂರು ಬಳಚಿಗೆ ಇಪ್ಪತ್ತು ಮೂವತ್ತು ರೂಪಾಯಿ ಹೆಚ್ಚೇ ಕೊಡುತ್ತೇನೆ. ಮರಿಯನ್ನೇ ಬಾಚಿಕೊಂಡು ಹೋದರೆ ಹೊಳೆಯಲ್ಲಿ ಬಳಚು ಆಯುವ ಹೆಂಗಸರಿಗೆ ಮುಂದಿನ ವರ್ಷ ಏನು ಉಳಿಯುತ್ತದೆ?

ಇನ್ನು ಸೋತದ್ದು. ಮೊದಲ ಸಲ ಎಲ್ಲರಂತೆ ಥರ್ಮಾಕೋಲ್ ಪೆಟ್ಟಿಗೆ, ಒಳಗೆ ಐಸ್, ಟೇಪು ಸುತ್ತಿ ಖಾಸಗಿ ಬಸ್ಸಿಗೆ ಹಾಕಿದೆ. ಬೆಳಗ್ಗೆ ಮುಚ್ಚಳ ತೆಗೆದರೆ ಮುಕ್ಕಾಲು ಪಾಲು ಬಾಯಿ ಬಿಟ್ಟು ಕೂತಿದ್ದವು. ಐಸ್ ಕರಗಿದ ಸಿಹಿನೀರಲ್ಲಿ ಮುಳುಗಿದ್ದವು, ಗಾಳಿಯೂ ಇರಲಿಲ್ಲ. ಎರಡು ಸಾವಿರದ ಮಾಲು, ಬಸ್ಸಿನ ಬಾಡಿಗೆ ಬೇರೆ. ಮುಂದಿನ ಸಲ ಹೊಳೆಯ ನೀರನ್ನೇ ಬಕೆಟ್‌ಗೆ ತುಂಬಿ ಅದರಲ್ಲಿ ಬಿಟ್ಟೆ. ಅಷ್ಟು ಬಳಚಿಗೆ ಆ ನೀರಿನ ಉಸಿರು ಎಷ್ಟು ಹೊತ್ತು ಸಾಕಾದೀತು? ಅರಸೀಕೆರೆ ದಾಟುವ ಹೊತ್ತಿಗೇ ವಾಸನೆ ಶುರು. ಮೀನು ಅಂತ ಗೊತ್ತಾಗಿ ಒಂದು ಬಸ್ಸಿನ ಕಂಡಕ್ಟರ್ ನಡುದಾರಿಯಲ್ಲೇ ಇಳಿಸಿದ್ದೂ ಆಯಿತು. ಒಟ್ಟು ಹನ್ನೆರಡು ಹದಿಮೂರು ಸಾವಿರ ಹೀಗೆ ಕಸದ ತೊಟ್ಟಿ ಸೇರಿದೆ. ಮನೆಯಲ್ಲಿ ಇದನ್ನು ನಿಲ್ಲಿಸು ಅಂದರು, ನಾನು ನಿಲ್ಲಿಸಲಿಲ್ಲ.

ದಾರಿ ಸಿಕ್ಕಿದ್ದು ಆಯುವ ಹೆಂಗಸರನ್ನು ನೋಡಿ. ಬೆಳಗ್ಗೆ ಆಯ್ದ ಬಳಚನ್ನು ಅವರು ಸಂಜೆ ಪೇಟೆಗೆ ಒಯ್ಯುವವರೆಗೆ ನೀರಲ್ಲಿ ಇಡುವುದೇ ಇಲ್ಲ. ಬುಟ್ಟಿಯಲ್ಲಿ ಹಾಕಿ ಮೇಲೊಂದು ಒದ್ದೆ ಗೋಣಿ, ನೆರಳು, ಅಷ್ಟೇ. ಬಳಚು ಬಾಯಿ ಬಿಗಿದುಕೊಂಡರೆ ತನ್ನೊಳಗಿನ ಉಪ್ಪುನೀರಲ್ಲೇ ಒಂದು ದಿನ ದೂಡುತ್ತದೆ. ಅದಕ್ಕೆ ಬೇಕಾದದ್ದು ತಂಪು, ತೇವ ಮತ್ತು ಗಾಳಿ.

ಹಾಗಾಗಿ ಈಗ ಮಾಡುವುದು ಹೀಗೆ. ಪಂಚಾಂಗ ನೋಡಿ ಹುಣ್ಣಿಮೆಯೋ ಅಮಾವಾಸ್ಯೆಯೋ ಕಳೆದು ಎರಡು ಮೂರನೇ ದಿನ ಶನಿವಾರ ಬರುವಂತೆ ಹೊರಡುತ್ತೇನೆ. ಆಗ ಸಮುದ್ರದ ಇಳಿತ ದೊಡ್ಡದು, ಅದೂ ಬೆಳಗ್ಗೆ ಏಳರ ಆಸುಪಾಸಿಗೆ. ಇಳಿತ ದಿನಕ್ಕೆ ಮುಕ್ಕಾಲು ಗಂಟೆಯಷ್ಟು ತಡವಾಗುತ್ತ ಹೋಗುತ್ತದೆ ಎಂಬ ಲೆಕ್ಕ ಇಟ್ಟುಕೊಳ್ಳಿ. ದಂಡೆಯಲ್ಲೇ ನಿಂತು ಸಾವಿರದ ಐನೂರರಷ್ಟು ಎಣಿಸಿ ತೆಗೆದುಕೊಳ್ಳುತ್ತೇನೆ, ಇಪ್ಪತ್ತೈದು ಕೆಜಿ ಚಿಲ್ಲರೆ ತೂಗುತ್ತದೆ. ಒಂದೊಂದನ್ನೂ ಬೆರಳಲ್ಲಿ ತಟ್ಟಿ, ಬಾಯಿ ಮುಚ್ಚದಿದ್ದರೆ ಅಲ್ಲೇ ವಾಪಸ್. ಒಂದು ಸತ್ತದ್ದು ಒಳಗಿದ್ದರೆ ಚೀಲವನ್ನೇ ಕೆಡಿಸುತ್ತದೆ. ಹೊಳೆಯ ನೀರಲ್ಲೇ ನೆನೆಸಿ ಹಿಂಡಿದ ಗೋಣಿಯಲ್ಲಿ ತೆಳ್ಳಗೆ ಪದರ ಪದರವಾಗಿ ಹಾಸಿ, ಬಿಗಿಯಾಗಿ ಕಟ್ಟುತ್ತೇನೆ. ಸಡಿಲ ಕಟ್ಟಿದರೆ ಬಾಯಿ ಬಿಟ್ಟು ಒಳಗಿನ ನೀರು ಚೆಲ್ಲಿಕೊಳ್ಳುತ್ತವೆ. ಪದರಗಳ ನಡುವೆ ಏನು ಇಡುತ್ತೇನೆ ಎಂಬುದನ್ನು ಮಾತ್ರ ಬರೆಯುವುದಿಲ್ಲ, ಅದು ನನ್ನಲ್ಲೇ ಇರಲಿ. ಅಡಿಯಲ್ಲಿ ಹಳೆಯ ಕಾಟನ್ ಪಂಚೆ ಹಾಸಿದ ಪ್ಲಾಸ್ಟಿಕ್ ಕ್ರೇಟು, ಒಂದು ಹನಿಯೂ ಹೊರಗೆ ಬರಬಾರದು.

ರೈಲು ಕಾರವಾರದಿಂದ ಬೆಂಗಳೂರಿಗೆ ರಾತ್ರಿ ಓಡುವ ಪಂಚಗಂಗಾ ಎಕ್ಸ್‌ಪ್ರೆಸ್, ಬೇಕೆಂದೇ ಏಸಿ ಇಲ್ಲದ ಸ್ಲೀಪರ್. ಕೆಳಗಿನ ಬರ್ತಿನ ಅಡಿಗೆ ಕ್ರೇಟು ತಳ್ಳುತ್ತೇನೆ. ಸುಬ್ರಹ್ಮಣ್ಯ ದಾಟಿ ಸಕಲೇಶಪುರದ ಘಟ್ಟ ಹತ್ತುವಾಗ ಜನವರಿಯ ಗಾಳಿ ನೆಲದ ಮೇಲೇ ಹರಿಯುತ್ತದೆ, ಒದ್ದೆ ಗೋಣಿಗೆ ತಾಗಿದ ಆ ಗಾಳಿಯೇ ನನ್ನ ಫ್ರಿಜ್. ಒಂದು ರೂಪಾಯಿ ಖರ್ಚಿಲ್ಲ. ಮಾರ್ಚ್‌ನಲ್ಲಿ ಇದನ್ನೇ ಮಾಡಿ ನೋಡಿದ್ದೇನೆ, ಅರ್ಧ ಸತ್ತವು. ಶಿವರಾತ್ರಿಯೇ ಗಡಿ.

ಬೆಳಗ್ಗೆ ಯಶವಂತಪುರ. ಎಂಟೂವರೆಗೆಲ್ಲ ಅವು ಉಪ್ಪುನೀರಿನ ಟಬ್ಬಿನಲ್ಲಿ ಇರಬೇಕು. ಇಲ್ಲಿ ಎರಡು ವಿಷಯ. ನಲ್ಲಿ ನೀರಿನ ಕ್ಲೋರಿನ್ ಬಳಚಿಗೆ ಆಗದು, ಅದಕ್ಕೆ ಬೋರ್‌ವೆಲ್ ನೀರನ್ನು ಹಿಂದಿನ ದಿನವೇ ತುಂಬಿಸಿ ಇಡುವಂತೆ ಮನೆಗೆ ಹೇಳಿರುತ್ತೇನೆ. ಉಪ್ಪು ಗೋಕರ್ಣದ ಹತ್ತಿರದ ಸಾಣಿಕಟ್ಟೆಯದು, ಅದೇ ಅಳಿವೆಯ ನೀರು ಗದ್ದೆಯಲ್ಲಿ ಆರಿ ಆದ ಕೆಂಪುಗಟ್ಟಿದ ಕಲ್ಲುಪ್ಪು. ಹತ್ತು ಲೀಟರಿಗೆ ಕಾಲು ಕೆಜಿ ಹತ್ತಿರ. ಪುಡಿಯುಪ್ಪಿನಲ್ಲೂ ಮಾಡಿ ನೋಡಿದೆ, ಬಾಯಿ ತೆರೆಯಲು ಎರಡು ಮೂರು ಗಂಟೆ ಹೆಚ್ಚು ಹಿಡಿಯಿತು. ಬಳಚನ್ನು ಟಬ್ಬಿನ ತಳಕ್ಕೆ ಹಾಕಬೇಡಿ, ತೂತಿನ ಜಾಲರಿ ಬುಟ್ಟಿಯಲ್ಲಿಟ್ಟು ಎತ್ತರಿಸಿ. ಉಗುಳಿದ ಮರಳು ಕೆಳಗೆ ಹೋಗಲಿ, ಮತ್ತೆ ಒಳಗೆ ಹೋಗಬಾರದು. ಸ್ವಲ್ಪ ಹೊತ್ತಿಗೆ ಬಿಳಿ ನಾಲಿಗೆಯಂಥದ್ದು ಹೊರಚಾಚಿ ಸಣ್ಣ ಸಣ್ಣ ಚಿಲುಮೆ ಹಾರಿಸಲು ಶುರು ಮಾಡುತ್ತವೆ, ಗೋಡೆಯೆಲ್ಲ ಒದ್ದೆ. ಅದನ್ನು ನೋಡಿದರೆ ನನಗೆ ಪ್ರಯಾಣದ ದಣಿವು ಹೋಗುತ್ತದೆ. ಸಂಜೆ ನಾಲ್ಕರವರೆಗೆ ಬಿಡಿ.

ಇದೇ ಕಾರಣಕ್ಕೆ ಊಟ ಮಧ್ಯಾಹ್ನ ಅಲ್ಲ, ರಾತ್ರಿ. ಮೊದಲು ಮಧ್ಯಾಹ್ನ ಹಾಕುತ್ತಿದ್ದೆ, ಹಲ್ಲಿಗೆ ಮರಳು ಸಿಕ್ಕ ಒಬ್ಬರು ಮತ್ತೆ ಬರಲಿಲ್ಲ. ರಾತ್ರಿಗೆ ಬದಲಿಸಿದಾಗ "ಸೋಮವಾರ ಆಫೀಸು, ಯಾರು ಬರ್ತಾರೆ" ಅಂದರು. ಬಂದರು, ಬರುತ್ತಲೇ ಇದ್ದಾರೆ.

ತಿಂಗಳ ಲೆಕ್ಕವೂ ಮುಖ್ಯ. ಕಾರ್ತಿಕ ಸೋಮವಾರ, ಆಮೇಲೆ ಅಯ್ಯಪ್ಪ ಮಾಲೆ. ನಮ್ಮ ಬೀದಿಯಲ್ಲೇ ಹತ್ತಾರು ಮನೆ ಡಿಸೆಂಬರ್ ಪೂರ್ತಿ ಮೀನು ಮುಟ್ಟುವುದಿಲ್ಲ. ಕಡಲೆಕಾಯಿ ಪರಿಷೆ ಹೊತ್ತಿಗೆ ಊಟ ಇಟ್ಟು ಹನ್ನೊಂದೋ ಹನ್ನೆರಡೋ ಜನ ಬಂದದ್ದು ನೆನಪಿದೆ. ಮಕರಜ್ಯೋತಿ ಆಗಿ ಮಾಲೆ ಇಳಿದ ಮೇಲೆ ನೋಡಿ, ಫೋನು ನಿಲ್ಲುವುದಿಲ್ಲ.

ಅದೇ ಹೊತ್ತಿಗೆ ಬೆಂಗಳೂರಲ್ಲಿ ಸೊಗಡು ಅವರೆ. ನ್ಯಾಷನಲ್ ಕಾಲೇಜು ಮೈದಾನದ ಅವರೆ ಮೇಳದಲ್ಲಿ ಅವರೆಬೇಳೆಯನ್ನು ದೋಸೆಯಿಂದ ಜಾಮೂನಿನವರೆಗೆ ಎಲ್ಲದಕ್ಕೂ ಹಾಕಿದ್ದು ನೋಡಿ, ಬಳಚಿಗೆ ಯಾಕೆ ಹಾಕಬಾರದು ಅನ್ನಿಸಿತು. ಮೊದಲು ಎರಡನ್ನೂ ಒಟ್ಟಿಗೆ ಬೇಯಿಸಿದರೆ ಬೇಳೆ ಬೇಯುವಷ್ಟರಲ್ಲಿ ಬಳಚು ರಬ್ಬರಾಯಿತು. ಬಳಚು ಬಾಯಿ ಬಿಟ್ಟಾಗ ಬಿಡುವ ನೀರನ್ನು ತೆಳು ಬಟ್ಟೆಯಲ್ಲಿ ಸೋಸಿ, ಆ ನೀರಲ್ಲೇ ಹಿತಕಿದ ಬೇಳೆ ಬೇಯಿಸಿದ ಮೇಲೆ ರುಚಿ ಕೂಡಿತು. ಉಪ್ಪು ಹಾಕಲೇಬೇಡಿ, ಅದರಲ್ಲೇ ಇದೆ. ಹುರಿದ ಬ್ಯಾಡಗಿ ಮೆಣಸು, ಕೊತ್ತಂಬರಿ, ತೆಂಗಿನಕಾಯಿ, ಹುಳಿಗೆ ಎರಡು ಸಿಪ್ಪೆ ಮುರುಗಲು (ಕೋಕಂ). ಬಳಚಿನ ಮಾಂಸ ಕೊನೆಯ ಎರಡು ನಿಮಿಷಕ್ಕೆ. ಮಸಾಲೆಗೆ ಇನ್ನೊಂದು ವಸ್ತು ಬೀಳುತ್ತದೆ, ಅದು ನಮ್ಮ ಅಮ್ಮನದು, ಕೇಳಬೇಡಿ. ಮಾಗಡಿ ಕಡೆಯ ಅವರೆ ತಿಂದು ಬೆಳೆದ ಒಬ್ಬ ಹಿರಿಯರು ಎರಡನೇ ಸಲ ಬಡಿಸಿಕೊಂಡು, ಮುಂದಿನ ತಿಂಗಳಿಗೆ ನಾಲ್ಕು ಎಲೆ ಆಗಲೇ ಹೇಳಿ ಹೋದರು. ಊರಿನ ಕುಚ್ಚಲಕ್ಕಿ ಅನ್ನಕ್ಕಿಂತ ಇದಕ್ಕೆ ಅಕ್ಕಿರೊಟ್ಟಿಯೇ ಒಪ್ಪುತ್ತದೆ ಎಂಬುದು ನನ್ನ ಅಭಿಪ್ರಾಯ.

ದುಡ್ಡು ಸುಮಾರಾಗಿ ಹೇಳುತ್ತೇನೆ. ಬಳಚಿಗೆ ಎರಡೂವರೆ ಸಾವಿರ, ರೈಲು ಹೋಗಿಬರಲು ಒಂಬೈನೂರರಿಂದ ಸಾವಿರ, ಆಟೋ ಆರುನೂರು, ಕುಮಟಾದಲ್ಲಿ ಒಂದು ರಾತ್ರಿ ಏಳುನೂರು, ಅಕ್ಕಿ, ಕಾಯಿ, ಅವರೆಕಾಯಿ, ಗ್ಯಾಸು ಸೇರಿ ಎರಡು ಸಾವಿರ, ಬೇಳೆ ಹಿತಕಲು ಬರುವ ಪಕ್ಕದ ಮನೆಯ ಅಕ್ಕನಿಗೆ ಎಂಟುನೂರು. ಮೂವತ್ತು ಎಲೆಗೆ ನಾನೂರರಂತೆ ಹನ್ನೆರಡು ಸಾವಿರ ಬರುತ್ತದೆ. ಕೈಯಲ್ಲಿ ನಾಲ್ಕು ನಾಲ್ಕೂವರೆ ಉಳಿಯುತ್ತದೆ, ಪ್ರವಾಸ ಪುಕ್ಕಟೆ. ಕಳೆದುಕೊಂಡದ್ದು ಈ ಫೆಬ್ರವರಿಗೆ ಪೂರ್ತಿ ವಾಪಸ್ ಬಂತು. ಮೂವತ್ತಕ್ಕಿಂತ ಹೆಚ್ಚು ಎಲೆ ಹಾಕು ಅನ್ನುವವರಿದ್ದಾರೆ. ಚೀಲ ಎರಡಾದರೆ ಒಳಗಿನದು ಬಿಸಿಯಾಗುತ್ತದೆ, ನಾನು ಹಾಕುವುದಿಲ್ಲ.

ಹಾಸನದಲ್ಲಿ ಇದನ್ನು ಮಾಡಬಯಸುವವರಿಗೆ ನನಗಿಂತ ಸುಲಭ. ಅದೇ ರೈಲು ಘಟ್ಟ ಹತ್ತಿ ಅಲ್ಲಿಗೆ ಬರುತ್ತದೆ, ಮೂರ್ನಾಲ್ಕು ಗಂಟೆ ದಾರಿ ಕಡಿಮೆ, ಚಳಿಯೂ ಬೆಂಗಳೂರಿಗಿಂತ ಹೆಚ್ಚು, ಅವರೆಕಾಯಿಯಂತೂ ಮನೆ ಬಾಗಿಲಿಗೇ ಬರುತ್ತದೆ. ಸಾಣಿಕಟ್ಟೆ ಉಪ್ಪು ಮಾತ್ರ ಬರುವಾಗಲೇ ಎರಡು ಕೆಜಿ ಕಟ್ಟಿಸಿಕೊಂಡು ಬನ್ನಿ.