ಜ್ವರದ ನೋಟ್‌ಬುಕ್: ನನ್ನ ಅನುಭವ

"ಮಗು ಕೆಂಡದ ಹಾಗೆ ಸುಡ್ತಾ ಇದೆ, ನೀನು ಲೆಕ್ಕ ಬರೀತಾ ಕೂತಿದ್ದೀಯಲ್ಲೇ!" ಮೂರು ವರ್ಷದ ಹಿಂದೆ ನಾನು ಮಕ್ಕಳ ಜ್ವರಕ್ಕೆ ಅಂತ ನೋಟ್‌ಬುಕ್ ಇಟ್ಟಾಗ ಅತ್ತೆ ಹೀಗೆ ಬೈದಿದ್ದರು. ಯಜಮಾನರಿಗೂ ನಂಬಿಕೆ ಇರಲಿಲ್ಲ. ಹೋದ ಮಳೆಗಾಲದಲ್ಲಿ ಅದೇ ನೋಟ್‌ಬುಕ್ ನೋಡಿ ಮಗಳನ್ನು ಸರಿಯಾದ ಹೊತ್ತಿಗೆ ಆಸ್ಪತ್ರೆಗೆ ಸೇರಿಸಿದೆವು. ಅದಕ್ಕೇ ಈಗ ಧೈರ್ಯವಾಗಿ ಬರೆಯುತ್ತಿದ್ದೇನೆ.

ಮೊದಲು ಕಳೆದ ದುಡ್ಡಿನ ವಿಷಯ. ನಮ್ಮದು ಶಿವಮೊಗ್ಗ ಜಿಲ್ಲೆಯ ಸಾಗರ ಊರಿನ ಹತ್ತಿರದ ಹಳ್ಳಿ. 2019ರಲ್ಲಿ ಅರಳಗೋಡಿನ ಕಡೆ ಮಂಗನ ಕಾಯಿಲೆ ಬಂದ ಮೇಲೆ ಇಲ್ಲಿ ಜ್ವರ ಅಂದರೆ ಎಲ್ಲರಿಗೂ ಎದೆ ಧಸಕ್ ಅನ್ನುತ್ತದೆ. ಸಾಲದ್ದಕ್ಕೆ ಮಗಳಿಗೆ ಒಂದೂವರೆ ವರ್ಷದಲ್ಲಿ ಜ್ವರದ ನಡುವೆ ಫಿಟ್ಸ್ ಬಂತು. ಎರಡು ನಿಮಿಷ ಇದ್ದಿರಬಹುದು. ಒಬ್ಬರು ಕೈಗೆ ಕಬ್ಬಿಣದ ಬೀಗದ ಕೈ ಕೊಡಿ ಅಂದರು, ಇನ್ನೊಬ್ಬರು ಬಾಯಿಗೆ ಚಮಚ ಇಡಲು ಬಂದರು. ಪುಣ್ಯಕ್ಕೆ ನನ್ನ ತಮ್ಮ ಅವಳನ್ನು ಮಗ್ಗುಲಾಗಿ ಮಲಗಿಸಿ, ಬಾಯಿಗೆ ಏನೂ ಹಾಕಲು ಬಿಡಲಿಲ್ಲ.

ಆಮೇಲೆ ಮೈ ಸ್ವಲ್ಪ ಬಿಸಿಯಾದರೂ ಸಾಕು, ರಾತ್ರೋರಾತ್ರಿ ಶಿವಮೊಗ್ಗಕ್ಕೆ ಓಟ. ಎಪ್ಪತ್ತು ಕಿಲೋಮೀಟರ್. ಕಾರಿಗೇ ಸಾವಿರದ ಎಂಟುನೂರು, ಮೇಲೆ ರಕ್ತ ಪರೀಕ್ಷೆ, ಔಷಧಿ. ಒಂದು ಸಲಕ್ಕೆ ನಾಲ್ಕು ಸಾವಿರ ಹೋಗುತ್ತಿತ್ತು. ಆ ವರ್ಷ ಏನಿಲ್ಲ ಅಂದರೂ ಇಪ್ಪತ್ತು ಸಾವಿರ ಖರ್ಚು. ಎಷ್ಟೋ ಸಲ ಆನಂದಪುರ ದಾಟುವಷ್ಟರಲ್ಲಿ ಮಗು ಎದ್ದು ಬಿಸ್ಕೆಟ್ ಕೇಳುತ್ತಿತ್ತು.

ತಪ್ಪು ಎಲ್ಲಿತ್ತು ಅಂತ ತಿಳಿದದ್ದು ಮಗ ಹುಟ್ಟಿದ ಮೇಲೆ. ಪ್ಯಾರಾಸಿಟಮಾಲ್ ಸಿರಪ್ಪನ್ನು ನಾನು ವಯಸ್ಸು ನೋಡಿ, ಒಳಲೆಯಲ್ಲಿ (ಮಕ್ಕಳಿಗೆ ಕುಡಿಸುವ ಪುಟ್ಟ ಬಟ್ಟಲು) ಅಂದಾಜಿಗೆ ಕೊಡುತ್ತಿದ್ದೆ. ಸುಮಾರು ಮೂರು ಎಂಎಲ್. ಇಳಿಯಲಿಲ್ಲ ಅಂತ ಎರಡೇ ಗಂಟೆಗೆ ಮತ್ತೆ ಕೊಡುತ್ತಿದ್ದೆ. ಎರಡೂ ತಪ್ಪು. ಮಕ್ಕಳ ಡಾಕ್ಟರು ತೂಕದ ಲೆಕ್ಕ ಬರೆದುಕೊಟ್ಟರು: ಕೆಜಿಗೆ 15 ಎಂಜಿ, ಆರು ಗಂಟೆಗೊಮ್ಮೆ, ದಿನಕ್ಕೆ ನಾಲ್ಕು ಸಲಕ್ಕಿಂತ ಜಾಸ್ತಿ ಇಲ್ಲ. ಮಗ ಆಗ 11 ಕೆಜಿ. ಅಂದರೆ 165 ಎಂಜಿ. 5 ಎಂಎಲ್‌ಗೆ 125 ಎಂಜಿ ಇರುವ ಬಾಟ್ಲಿಯಲ್ಲಿ ಆರೂವರೆ ಎಂಎಲ್. ನಾನು ಕೊಡುತ್ತಿದ್ದದ್ದು ಅರ್ಧಕ್ಕಿಂತ ಕಡಿಮೆ!

ಇನ್ನೊಂದು ಸಲ ಅಂಗಡಿಯವರು 5 ಎಂಎಲ್‌ಗೆ 250 ಎಂಜಿ ಇರುವ ಬಾಟ್ಲಿ ಕೊಟ್ಟಿದ್ದರು. ಡಬ್ಬದ ಬಣ್ಣ ಹೆಚ್ಚುಕಮ್ಮಿ ಒಂದೇ. ಸಿರಿಂಜಿಗೆ ಆರೂವರೆ ಎಳೆದಾಗಿತ್ತು, ಅಷ್ಟರಲ್ಲಿ ಲೇಬಲ್ ಕಣ್ಣಿಗೆ ಬಿತ್ತು. ಕೈ ನಡುಗಿಬಿಟ್ಟಿತು. ಅವತ್ತಿನಿಂದ ಬಾಟ್ಲಿ ಮೇಲೆ ಮಗುವಿನ ತೂಕ, ಎಷ್ಟು ಎಂಎಲ್ ಎರಡನ್ನೂ ಬರೆದು ಚೀಟಿ ಅಂಟಿಸುತ್ತೇನೆ. ಮಗ ಉಗಿಯದ ಹಾಗೆ ಕುಡಿಸುವ ಉಪಾಯವೂ ಒಂದಿದೆ. ಅದು ನನಗೂ ಅವನಿಗೂ ಇರುವ ಗುಟ್ಟು, ಇಲ್ಲಿ ಹೇಳುವುದಿಲ್ಲ.

ನೋಟ್‌ಬುಕ್ಕಿನಲ್ಲಿ ಐದೇ ಕಾಲಂ: ಗಂಟೆ, ಕಂಕುಳಿನ ಜ್ವರ, ಔಷಧಿ, ಕುಡಿದದ್ದು, ಉಚ್ಚೆ. ಪಕ್ಕದಲ್ಲಿ ಒಂದು ಮಾತು: ಆಡಿದ, ನಕ್ಕ, ಮಂಕಾಗಿದ್ದ. 101 ಇದ್ದರೂ ಮಗು ಆಡುತ್ತಿದ್ದರೆ ಔಷಧಿ ಕೊಡುವುದಿಲ್ಲ, ನಿದ್ದೆಯಿಂದ ಎಬ್ಬಿಸಿ ಕೊಡುವುದೂ ಇಲ್ಲ. ತಣ್ಣೀರು ಬಟ್ಟೆ ಬಿಟ್ಟೆ, ಮಗು ಗಡಗಡ ನಡುಗುತ್ತಿತ್ತು. ಕಂಬಳಿ ಹೊದಿಸುವುದನ್ನೂ ಬಿಟ್ಟೆ. ತೆಳು ಹತ್ತಿ ಅಂಗಿ, ಗಂಜಿ ತಿಳಿ, ಅಷ್ಟೇ. ಮೂರು ತಿಂಗಳೊಳಗಿನ ಕೂಸಾದರೆ ಈ ನೋಟ್‌ಬುಕ್ ಎಲ್ಲ ಬೇಡ. 100.4 ಮುಟ್ಟಿದರೆ ನೇರ ಆಸ್ಪತ್ರೆಗೆ ಹೋಗಿ.

ನಡುವೆ ಒಂದು ಪರೀಕ್ಷೆಯನ್ನೂ ಮಾಡಿದೆ. ಸಾವಿರದ ಇನ್ನೂರು ಕೊಟ್ಟು ಹಣೆಗೆ ಹಿಡಿಯುವ ಥರ್ಮಾಮೀಟರ್ ಗನ್ ತಂದಿದ್ದೆ. ಫ್ಯಾನ್ ಕೆಳಗೆ 98 ತೋರಿಸಿದ ಮಗುವಿಗೆ ಕಂಕುಳಲ್ಲಿ 100.8 ಇತ್ತು. ಇನ್ನೂರು ರೂಪಾಯಿಯ ಡಿಜಿಟಲ್ ಥರ್ಮಾಮೀಟರೇ ವಾಸಿ. ಅತ್ತೆ ಕೈಯಿಂದ ಮುಟ್ಟಿ ಹೇಳಿದ್ದನ್ನೂ ಇಪ್ಪತ್ತು ಸಲ ಥರ್ಮಾಮೀಟರಿನ ಪಕ್ಕದಲ್ಲಿಟ್ಟು ನೋಡಿದೆ. ಅವರು "ಇಲ್ಲ" ಅಂದಾಗ ಹೆಚ್ಚಾಗಿ ಜ್ವರ ಇರುತ್ತಿರಲಿಲ್ಲ. "ಇದೆ" ಅಂದಾಗ ನಾಲ್ಕರಲ್ಲಿ ಒಂದು ಸಲ ತಪ್ಪುತ್ತಿತ್ತು. ಆ ಕೈಯ ಮೇಲೆ ನನಗೆ ಗೌರವ ಹೆಚ್ಚಾಯಿತು.

ಹೋದ ಮಳೆಗಾಲ ಮಗಳಿಗೆ 103 ಬಂತು. ಎರಡನೇ ದಿನವೇ ಡಾಕ್ಟರಿಗೆ ತೋರಿಸಿದೆವು. ಪ್ಯಾರಾಸಿಟಮಾಲ್ ಬಿಟ್ಟು ಬೇರೆ ಜ್ವರದ ಔಷಧಿ ಬೇಡ, ಡೆಂಗ್ಯೂ ಇರಬಹುದು ಅಂದರು. ನಾಲ್ಕನೇ ದಿನ ಬೆಳಿಗ್ಗೆ 99. ಮನೆಯವರೆಲ್ಲ ನಿಟ್ಟುಸಿರು ಬಿಟ್ಟರು, ಅತ್ತೆ ದೇವರಿಗೆ ದೀಪ ಹಚ್ಚಿದರು. ನಾನು ಪುಟ ತಿರುಗಿಸಿದೆ. ಹಿಂದಿನ ರಾತ್ರಿ ಒಂಬತ್ತರ ನಂತರ ಉಚ್ಚೆಯ ಕಾಲಂ ಖಾಲಿ. ಎರಡು ಸಲ ವಾಂತಿ. "ಹೊಟ್ಟೆ ನೋವು" ಅಂತ ನಾನೇ ಬರೆದಿದ್ದೆ. ಅಂಗಾಲು ಮುಟ್ಟಿದರೆ ತಣ್ಣಗೆ. ಜ್ವರ ಇಳಿದಿದೆ, ಸುಮ್ನೆ ಯಾಕೆ ಅಂತ ಮನೆಯಲ್ಲಿ ತಡೆದರೂ ಹೊರಟೇಬಿಟ್ಟೆ. ಡೆಂಗ್ಯೂನಲ್ಲಿ ಜ್ವರ ಇಳಿಯುವ ಹೊತ್ತೇ ಅಪಾಯದ್ದು, ಒಳ್ಳೆ ಸಮಯಕ್ಕೆ ತಂದಿರಿ ಅಂದರು ಡಾಕ್ಟರು. ನೋಟ್‌ಬುಕ್ಕನ್ನು ನರ್ಸಿಗೂ ತೋರಿಸಿದರು. ಮೂರು ದಿನ ಡ್ರಿಪ್. ಹನ್ನೆರಡು ಸಾವಿರ ಆಯಿತು, ಆ ದುಡ್ಡಿಗೆ ನನಗೆ ಒಂದಿಷ್ಟೂ ಬೇಸರವಿಲ್ಲ.

ಈಗ ನಾನು ಕೆಲಸಕ್ಕೆ ಹೋದಾಗ ಅತ್ತೆಯೇ ಬರೆಯುತ್ತಾರೆ. ಹೋದ ತಿಂಗಳ ಅವರ ಸಾಲು: "4 ಗಂಟೆ. ಅರ್ಧ ಲೋಟ ಗಂಜಿ. ಉಚ್ಚೆ ಆಯ್ತು. ಬೆಕ್ಕಿನ ಹಿಂದೆ ಓಡಿದ." ಮೊನ್ನೆ ಮಗನನ್ನು ತೂಕಕ್ಕೆ ನಿಲ್ಲಿಸಿದೆ, 12 ಕೆಜಿ. ಬಾಟ್ಲಿಯ ಚೀಟಿ ಬದಲಾಯಿಸಬೇಕು.