ನಾಲ್ಕೇ ಪಟ್ಟುಗಳ ಆತ್ಮರಕ್ಷಣೆ: ನನ್ನ ಅನುಭವ

ಕಲಿತ ಹತ್ತಾರು ಪಟ್ಟುಗಳನ್ನು ಬದಿಗಿಟ್ಟು ನಾಲ್ಕನ್ನೇ ಉಳಿಸಿಕೊಳ್ಳುತ್ತೇನೆ, ಅವನ್ನೂ ಬಿಟ್ಟುಕೊಡದ ಎದುರಾಳಿಯ ಮೇಲೆಯೇ ಅಭ್ಯಾಸ ಮಾಡುತ್ತೇನೆ ಎಂದಾಗ ಜೊತೆಗೆ ಕಲಿಯುತ್ತಿದ್ದವರು ನಕ್ಕಿದ್ದರು. ನಲವತ್ತು ದಾಟಿದವನಿಗೆ ಇದು ಆಗದ ಮಾತು ಎಂದವರೂ ಇದ್ದರು. ಈಗ ಅವರಲ್ಲಿ ನನಗಿಂತ ಹದಿನೈದು ಇಪ್ಪತ್ತು ಕಿಲೋ ಹೆಚ್ಚು ತೂಗುವವರೂ ನನ್ನನ್ನು ಹಿಡಿದು ನಿಲ್ಲಿಸಲಾರದೆ ಹೋಗುವುದರಿಂದ ಇದನ್ನು ಬರೆಯುತ್ತಿದ್ದೇನೆ.

ಮೊದಲ ಎರಡು ಮೂರು ವರ್ಷ ಸುರಿದ ಹಣದಲ್ಲಿ ಹತ್ತಿರ ಹತ್ತಿರ ಮುಕ್ಕಾಲು ಪಾಲು ಬೆಲ್ಟ್ ಪರೀಕ್ಷೆಯ ಶುಲ್ಕಕ್ಕೆ, ಪ್ರಮಾಣಪತ್ರಕ್ಕೆ ಮತ್ತು ವಾರಾಂತ್ಯದ ಶಿಬಿರಗಳಿಗೆ ಹೋಯಿತು. ಶಿಬಿರದಲ್ಲಿ ಸೊಗಸಾಗಿ ಕೂಡಿಬರುತ್ತಿದ್ದ ಮಣಿಕಟ್ಟಿನ ತಿರುಚುಗಳು, ಜೊತೆಗಾರ ಬೆವರಿದ ಕೈಯನ್ನು ಒಮ್ಮೆ ಹಿಂದಕ್ಕೆ ಜಗ್ಗಿದರೆ ಸಾಕು, ಕೈಕೊಡುತ್ತಿದ್ದವು. ಚಾಕು ಕಸಿಯುವ ವಿದ್ಯೆಯ ಗತಿ ಇನ್ನೂ ಕೆಟ್ಟದಾಗಿತ್ತು. ಹಳೆಯ ಬಿಳಿ ಬನಿಯನ್ ತೊಟ್ಟು, ಎದುರಾಳಿಯ ಕೈಗೆ ಮಾರ್ಕರ್ ಪೆನ್ ಕೊಟ್ಟು ನೋಡಿದೆವು. ಹತ್ತರಲ್ಲಿ ಏಳೆಂಟು ಸಲ ಹೊಟ್ಟೆಯ ಮೇಲೋ ಮುಂದೋಳಿನ ಮೇಲೋ ಗೆರೆ ಬಿದ್ದಿರುತ್ತಿತ್ತು. ಚಾಕು ಹಿಡಿದವನು ಇಪ್ಪತ್ತೊಂದು ಅಡಿಯನ್ನು ಸುಮಾರು ಒಂದೂವರೆ ಸೆಕೆಂಡಿನಲ್ಲಿ ದಾಟಬಲ್ಲ ಎಂದು ಅಮೆರಿಕದ ಪೊಲೀಸ್ ತರಬೇತುದಾರ ಡೆನಿಸ್ ಟ್ಯೂಲರ್ 1983ರಲ್ಲೇ ಬರೆದಿದ್ದರು. ಆ ಅಧ್ಯಾಯವನ್ನು ನಾನು ಅಲ್ಲಿಗೇ ಮುಚ್ಚಿದೆ. ಚಾಕು ಕಂಡರೆ ಓಟವೇ.

ಉಳಿಸಿಕೊಂಡ ನಾಲ್ಕು ಇವು: ಪೆಟ್ಟಾಗದಂತೆ ಬೀಳುವುದು, ಹಿಡಿತ ಬಿಡಿಸಿಕೊಳ್ಳುವುದು, ಹಿಂದಿನಿಂದ ಕುತ್ತಿಗೆಗೆ ಬಿದ್ದ ತೋಳನ್ನು ಕಳಚುವುದು, ಅಂಗೈಯ ಬುಡದಿಂದ ಹೊಡೆದು ಓಡುವುದು. ಕಿರುಬೆರಳಿನ ಹಿಂದಿನ ಮೂಳೆ ಮುರಿದುಕೊಂಡವರನ್ನು ಕಂಡವರಿಗೆ ಮುಷ್ಟಿಯನ್ನು ಏಕೆ ಬಿಟ್ಟೆ ಎಂದು ಹೇಳಬೇಕಾಗಿಲ್ಲ. ಹಿಡಿತ ಬಿಡಿಸುವಾಗ ಹಿಡಿದವನ ಹೆಬ್ಬೆರಳಿನ ಕಡೆಗೆ ತಿರುಗಿಸಬೇಕೆಂಬುದು ಎಲ್ಲರಿಗೂ ಗೊತ್ತು. ಆದರೆ ಕೈಯನ್ನು ಹಿಂದಕ್ಕೆ ಎಳೆಯದೆ, ಮುಂದೋಳಿನ ಅಂಚನ್ನು ಅವನ ಹೆಬ್ಬೆರಳು ಮತ್ತು ಉಳಿದ ಬೆರಳುಗಳ ನಡುವಿನ ಸಂದಿಗೆ ಹೊಂದಿಸಿ, ನಮ್ಮ ಮೊಣಕೈಯನ್ನೇ ಅವನ ಕಡೆಗೆ ನುಗ್ಗಿಸಿದಾಗ ಬಲವಂತರ ಬೆರಳುಗಳೂ ತೆರೆದುಕೊಳ್ಳುತ್ತವೆ. ಕತ್ತಿನ ಎರಡೂ ಬದಿ ಒತ್ತಿ ಹಿಡಿದರೆ ಹತ್ತು ಸೆಕೆಂಡಿನ ಆಸುಪಾಸಿನಲ್ಲಿ ಪ್ರಜ್ಞೆ ತಪ್ಪಬಹುದಾದ್ದರಿಂದ, ಅಲ್ಲಿ ಮೊದಲ ಕೆಲಸ ಗದ್ದ ತಗ್ಗಿಸಿ ಎರಡೂ ಕೈಗಳಿಂದ ಆ ತೋಳನ್ನು ಕೆಳಕ್ಕೆಳೆಯುವುದು. ಅದರ ಬೆನ್ನಿಗೇ ಇಡುವ ಹೆಜ್ಜೆ ನನ್ನ ಸ್ವಂತ ಸಂಪಾದನೆ. ಜೊತೆಗಾರರು ಇನ್ನೂ ಅದಕ್ಕೆ ಉತ್ತರ ಹುಡುಕುತ್ತಿರುವುದರಿಂದ ಇಲ್ಲಿ ಬರೆಯುವುದಿಲ್ಲ.

ಕಾನೋ ಜಿಗೋರೋ 1882ರಲ್ಲಿ ಕಟ್ಟಿದ ಕೊಡೋಕಾನ್ ಜೂಡೋದಲ್ಲಿ ರಂದೋರಿಗೆ, ಅಂದರೆ ಬಿಟ್ಟುಕೊಡದ ಎದುರಾಳಿಯೊಡನೆ ಮುಕ್ತವಾಗಿ ಸೆಣಸುವ ಅಭ್ಯಾಸಕ್ಕೆ, ಏಕೆ ಅಷ್ಟು ಮಹತ್ವ ಎಂಬುದು ನನಗೆ ಮೈಗೆ ಪೆಟ್ಟು ಬಿದ್ದ ಮೇಲೆಯೇ ಅರ್ಥವಾಯಿತು. ಮೊದಲು ಎದುರಾಳಿ ಅರ್ಧ ಬಲ ಹಾಕುತ್ತಿದ್ದ, ಏಳೆಂಟು ತಿಂಗಳ ಹೊತ್ತಿಗೆ ಪೂರ್ಣ ಬಲ. ಅವನು ಯಾವಾಗ, ಯಾವ ಕಡೆಯಿಂದ ಹಿಡಿಯುತ್ತಾನೆಂದು ಮೊದಲೇ ಹೇಳಬಾರದೆಂಬುದೇ ನಮ್ಮ ನಿಯಮವಾಗಿತ್ತು. ಬೀಳುವ ಅಭ್ಯಾಸ ಮಾತ್ರ ನಿತ್ಯವೂ ನಡೆಯಿತು, ಮೊದಲು ದಪ್ಪ ಮ್ಯಾಟಿನ ಮೇಲೆ, ಅನಂತರ ಹುಲ್ಲಿನ ಮೇಲೆ. ಇದುವರೆಗೆ ನಿಜವಾಗಿ ಉಪಯೋಗಕ್ಕೆ ಬಂದದ್ದೂ ಅದೊಂದೇ, ಒದ್ದೆ ಮೆಟ್ಟಿಲಿನ ಮೇಲೆ.

ನಡುವೆ ಬೆರಳುಸಂದಿಯಲ್ಲಿ ಕೀಲಿಕೈ ಹಿಡಿದು ಹೊಡೆಯುವ ಉಪಾಯವನ್ನೂ ಮರಳಿನ ಚೀಲದ ಮೇಲೆ ಪರೀಕ್ಷಿಸಿದೆವು. ಕೀಲಿ ತಿರುಗಿ ನಮ್ಮ ಬೆರಳುಗಳೇ ಸುಲಿದವು. ಚಪ್ಪಲಿ ತೊಟ್ಟು, ಹೆಗಲಿಗೆ ಚೀಲ ಹಾಕಿಕೊಂಡು ಓಡಿ ನೋಡಿದ ಪ್ರಯೋಗ ಹೆಚ್ಚು ಫಲ ಕೊಟ್ಟಿತು: ಚೀಲವನ್ನು ಬಿಸಾಡುವುದನ್ನೂ ಈಗ ಪಟ್ಟಿನಂತೆಯೇ ಅಭ್ಯಾಸ ಮಾಡುತ್ತೇವೆ. ಇಂದಿನ ಖರ್ಚು ಆ ದಿನಗಳ ನಾಲ್ಕನೆಯ ಒಂದು ಪಾಲೂ ಇಲ್ಲ; ಬಾಯಿಯ ಗಾರ್ಡ್ ಮತ್ತು ಮ್ಯಾಟಿನ ಹೊದಿಕೆ ಬಿಟ್ಟರೆ ಬೇರೇನನ್ನೂ ಕೊಳ್ಳುವುದಿಲ್ಲ.