‘ಚಿತ್ರ 14 ನೋಡಿ’ ಅಂದರೆ ಯಾವ ಚಿತ್ರ?

ಯಂತ್ರಗಳ ಜೊತೆ ಕೊಡುವ ಕೈಪಿಡಿ ಬರೆಯುವುದು ನನ್ನ ಕೆಲಸ. ಇನ್ನೂರು ಪುಟ ದಾಟಿದ ವರ್ಡ್ ಫೈಲು ನನಗೆ ಹೊಸದಲ್ಲ. ಆದರೂ ಮೊದಲ ಎರಡು ವರ್ಷ ‘ಚಿತ್ರ 14 ನೋಡಿ’, ‘ಅಧ್ಯಾಯ 6ರಲ್ಲಿ ಹೇಳಿದಂತೆ’ ಅನ್ನುವುದನ್ನೆಲ್ಲ ಕೈಯಲ್ಲೇ ಟೈಪ್ ಮಾಡುತ್ತಿದ್ದೆ.

ಒಂದು ಸಲ 3ನೇ ಅಧ್ಯಾಯದ ನಂತರ ಹೊಸ ಅಧ್ಯಾಯ ಸೇರಿಸಬೇಕಾಯಿತು. ಏನು ಮಹಾ ಅಂತ ಫೈಂಡ್ ಅಂಡ್ ರಿಪ್ಲೇಸ್ ತೆಗೆದು ‘ಅಧ್ಯಾಯ 4’ ಇದ್ದಲ್ಲೆಲ್ಲ ‘ಅಧ್ಯಾಯ 5’ ಮಾಡಿದೆ. ಆಮೇಲೆ ‘ಅಧ್ಯಾಯ 5’ ಇದ್ದಲ್ಲೆಲ್ಲ ‘ಅಧ್ಯಾಯ 6’. ಹೀಗೇ ಕೊನೆಯವರೆಗೂ. ಏನಾಗಿರಬಹುದು ಅಂತ ನಿಮಗೆ ಹೊಳೆದಿರಬೇಕು. ಎಲ್ಲ ಉಲ್ಲೇಖಗಳೂ ಒಂದರ ಹಿಂದೆ ಒಂದು ಕುರಿಗಳ ಹಾಗೆ ಹೋಗಿ ಕೊನೇ ಅಧ್ಯಾಯಕ್ಕೆ ಸೇರಿಕೊಂಡಿದ್ದವು. ಹಿಂದಿನಿಂದ ಶುರು ಮಾಡಬೇಕಿತ್ತು ಅಂತ ನನಗೆ ಗೊತ್ತಾಗುವ ಹೊತ್ತಿಗೆ ಫೈಲು ಸೇವ್ ಮಾಡಿ ಮುಚ್ಚಿಯಾಗಿತ್ತು.

ಅವತ್ತೇ ಕ್ರಾಸ್ ರೆಫರೆನ್ಸ್ ಕಲಿತೆ, ಅಂದರೆ ‘ಚಿತ್ರ 14 ನೋಡಿ’ ಅನ್ನುವಲ್ಲಿನ ನಂಬರನ್ನು ವರ್ಡ್ ಕೈಯಲ್ಲೇ ಹಾಕಿಸುವ ಸೌಲಭ್ಯ. ಚಿತ್ರದ ಮೇಲೆ ರೈಟ್ ಕ್ಲಿಕ್ ಮಾಡಿ ಇನ್ಸರ್ಟ್ ಕ್ಯಾಪ್ಷನ್ (ಚಿತ್ರದ ಜೊತೆಗಿನ ಶೀರ್ಷಿಕೆ) ಒತ್ತಿ, ನ್ಯೂ ಲೇಬಲ್‌ನಲ್ಲಿ ‘ಚಿತ್ರ’ ಅಂತ ಕೊಟ್ಟರೆ ನಂಬರನ್ನು ವರ್ಡೇ ಹಾಕುತ್ತದೆ. ಆಮೇಲೆ ರೆಫರೆನ್ಸಸ್ ಟ್ಯಾಬಿನಲ್ಲಿ ಕ್ರಾಸ್ ರೆಫರೆನ್ಸ್ ತೆಗೆದು ಆ ಚಿತ್ರ ಆರಿಸಿಕೊಂಡರಾಯಿತು. ಅಧ್ಯಾಯಗಳಿಗೆ ಹೆಡಿಂಗ್ ಸ್ಟೈಲ್ ಹಾಕಿ ಅದಕ್ಕೆ ತಾನಾಗಿ ನಂಬರು ಹಾಕುವ ಮಲ್ಟಿಲೆವೆಲ್ ಲಿಸ್ಟ್ ಜೋಡಿಸಿರಬೇಕು. ಹೆಡಿಂಗಿನ ನಂಬರನ್ನು ಕೈಯಲ್ಲಿ ಬರೆದಿದ್ದರೆ ಉಲ್ಲೇಖದಲ್ಲಿ ಸುಮ್ನೆ 0 ಬರುತ್ತದೆ.

ನಮ್ಮ ಕನ್ನಡಕ್ಕೆ ಇದು ಚೆನ್ನಾಗಿ ಒಗ್ಗುತ್ತದೆ. ‘ರಲ್ಲಿ’, ‘ಕ್ಕೆ’, ‘ನ್ನು’ ಯಾವ ನಂಬರಿನ ಮುಂದೆ ಬಂದರೂ ಹೆಚ್ಚುಕಮ್ಮಿ ಕೂರುತ್ತವೆ, ಹಾಗಾಗಿ 4 ಹೋಗಿ 9 ಆದರೂ ವಾಕ್ಯ ಕೆಡುವುದಿಲ್ಲ. (1000 ಬಂದರೆ ‘ದಲ್ಲಿ’ ಆಗಬೇಕು. ಸಾವಿರ ಚಿತ್ರದ ಪುಸ್ತಕ ಸಿಕ್ಕಾಗ ನೋಡಿಕೊಳ್ಳೋಣ.) ಆದರೆ ಆ ಪ್ರತ್ಯಯ ಫೀಲ್ಡಿನ, ಅಂದರೆ ವರ್ಡ್ ತಾನೇ ನಂಬರು ತುಂಬುವ ಜಾಗದ, ಹೊರಗಿರಬೇಕು. ಒಳಗೆ ಸೇರಿಸಿದರೆ, ಫೀಲ್ಡನ್ನು ಅಪ್‌ಡೇಟ್ ಮಾಡುವ ಎಫ್9 ಕೀಲಿ ಒತ್ತಿದ ತಕ್ಷಣ ಮಾಯ. ಆಪ್ಷನ್ಸ್‌ನ ಅಡ್ವಾನ್ಸ್ಡ್ ಭಾಗದಲ್ಲಿ ಫೀಲ್ಡ್ ಶೇಡಿಂಗ್ ‘ಆಲ್ವೇಸ್’ ಅಂತ ಇಟ್ಟುಕೊಳ್ಳಿ, ಫೀಲ್ಡ್ ಎಲ್ಲಿ ಮುಗಿಯುತ್ತದೆ ಅಂತ ಬೂದುಬಣ್ಣದಲ್ಲೇ ಕಾಣುತ್ತದೆ. ಕೈಯಲ್ಲಿ ಟೈಪ್ ಮಾಡಿದ ಹಳೇ ನಂಬರು ಉಳಿದಿದ್ದರೆ ಅದೂ ಬಣ್ಣವಿಲ್ಲದೆ ಸಿಕ್ಕಿಬೀಳುತ್ತದೆ.

ಇಷ್ಟೆಲ್ಲ ಮಾಡಿ, ಎಲ್ಲ ಸರಿ ಇದೆ ಅಂತ ಒಂದು ಕೈಪಿಡಿ ಕಳಿಸಿದೆ. ಆ ಕಡೆಯವರು ಪ್ರಿಂಟ್ ತೆಗೆದರೆ ಹನ್ನೊಂದು ಕಡೆ ದಪ್ಪಕ್ಷರದಲ್ಲಿ ‘ಎರರ್! ರೆಫರೆನ್ಸ್ ಸೋರ್ಸ್ ನಾಟ್ ಫೌಂಡ್’. ನನ್ನ ಪರದೆಯಲ್ಲಿ ಅದೇ ಫೈಲು ಚಂದವಾಗಿ ‘ಚಿತ್ರ 22’ ಅಂತ ತೋರಿಸುತ್ತಿತ್ತು. ಫೋನಿನಲ್ಲಿ ನಾನು ವಾದ ಬೇರೆ ಮಾಡಿದೆ.

ಆಗಿದ್ದು ಇಷ್ಟು. ಉಲ್ಲೇಖ ಹಾಕಿದಾಗ ವರ್ಡ್ ಆ ಕ್ಯಾಪ್ಷನ್ನಿಗೆ ಕಣ್ಣಿಗೆ ಕಾಣದ ಒಂದು ಬುಕ್‌ಮಾರ್ಕ್ ಕಟ್ಟುತ್ತದೆ. ಉಲ್ಲೇಖ ಹುಡುಕುವುದು ಆ ಬುಕ್‌ಮಾರ್ಕನ್ನು, ಚಿತ್ರವನ್ನಲ್ಲ. ನಾನು ಕೆಲವು ಕ್ಯಾಪ್ಷನ್ ಅಳಿಸಿ ಹೊಸದಾಗಿ ಹಾಕಿದ್ದೆ. ಬುಕ್‌ಮಾರ್ಕೂ ಜೊತೆಗೇ ಹೋಯಿತು. ಆದರೆ ಫೀಲ್ಡ್ ತಾನಾಗಿ ಅಪ್‌ಡೇಟ್ ಆಗುವುದಿಲ್ಲ, ಯಾರಾದರೂ ಹೇಳುವವರೆಗೂ ಹಳೇ ಉತ್ತರವನ್ನೇ ತೋರಿಸುತ್ತಾ ಕೂತಿರುತ್ತದೆ. ಅವರ ಕಂಪ್ಯೂಟರಿನಲ್ಲಿ ‘ಪ್ರಿಂಟಿಗೆ ಮುಂಚೆ ಫೀಲ್ಡ್ ಅಪ್‌ಡೇಟ್ ಮಾಡು’ ಅನ್ನುವ ಆಯ್ಕೆ ಆನ್ ಇತ್ತು, ನನ್ನದರಲ್ಲಿ ಆಫ್. ಈಗ ನಾನೂ ಆನ್ ಮಾಡಿಟ್ಟಿದ್ದೇನೆ. ಕ್ಯಾಪ್ಷನ್ ಬದಲಿಸಬೇಕಾದರೆ ಪೂರ್ತಿ ಅಳಿಸುವುದಿಲ್ಲ, ಇದ್ದದ್ದರ ಮಾತು ಮಾತ್ರ ತಿದ್ದುತ್ತೇನೆ.

ಇದೇ ಬುಕ್‌ಮಾರ್ಕಿನ ಇನ್ನೊಂದು ಕಿತಾಪತಿ ಇದೆ. ಹೆಡಿಂಗಿನ ಮೊದಲ ಅಕ್ಷರದ ಮುಂದೆ ಕರ್ಸರ್ ಇಟ್ಟು ಎಂಟರ್ ಒತ್ತಿ, ಮೇಲೆ ಹೊಸ ಪ್ಯಾರಾ ಬರೆದಿರಿ ಅನ್ನಿ. ಆ ಪ್ಯಾರಾ ಕೂಡ ಬುಕ್‌ಮಾರ್ಕಿನ ಹೊಟ್ಟೆಯೊಳಗೆ ಸೇರಿಬಿಡುತ್ತದೆ. ಮುಂದಿನ ಸಲ ಎಫ್9 ಒತ್ತಿದಾಗ ‘ವಿವರಕ್ಕೆ’ ಮತ್ತು ‘ನೋಡಿ’ ಎರಡರ ಮಧ್ಯೆ ಆರು ಸಾಲಿನ ಪ್ಯಾರಾ ಪೂರ್ತಿ ಬಂದು ಕೂರುತ್ತದೆ. ಮೊದಲ ಸಲ ನೋಡಿದಾಗ ಫೈಲಿಗೆ ವೈರಸ್ ಬಂದಿದೆ ಅಂದುಕೊಂಡಿದ್ದೆ! ಹೊಸ ಪ್ಯಾರಾ ಬೇಕಾದರೆ ಹಿಂದಿನ ಪ್ಯಾರಾದ ಕೊನೆಗೆ ಹೋಗಿ ಎಂಟರ್ ಒತ್ತಿ. ಕೆಟ್ಟು ಹೋಗಿದ್ದರೆ ರಿಪೇರಿಗೆ ಕೂರಬೇಡಿ, ಆ ಉಲ್ಲೇಖ ಅಳಿಸಿ ಮತ್ತೆ ಹಾಕುವುದೇ ಬೇಗ.

ಈಗ ಮೊದಲ ಕರಡಿನಲ್ಲಿ ನಾನು ಉಲ್ಲೇಖವನ್ನೇ ಹಾಕುವುದಿಲ್ಲ. ‘@@ಪಂಪಿನ ಚಿತ್ರ’ ಅಂತ ಗುರುತು ಬಿಟ್ಟು ಮುಂದೆ ಹೋಗುತ್ತೇನೆ. ಅಧ್ಯಾಯಗಳು ಒಂದು ಕಡೆ ನಿಂತ ಮೇಲೆ @@ ಹುಡುಕುತ್ತಾ ಒಂದೊಂದೇ ಹಾಕುವುದು. ಕಳಿಸುವ ಮುಂಚೆ ಮೊದಲು ಟ್ರ್ಯಾಕ್ ಚೇಂಜಸ್ (ವರ್ಡ್ ಗುರುತಿಟ್ಟುಕೊಂಡ ತಿದ್ದುಪಡಿಗಳು) ಎಲ್ಲ ಒಪ್ಪಿ ಮುಗಿಸಬೇಕು, ಯಾಕೆಂದರೆ ಅಳಿಸಿದ ಕ್ಯಾಪ್ಷನ್ನನ್ನೂ ಒಪ್ಪುವವರೆಗೆ ವರ್ಡ್ ಎಣಿಸುತ್ತಲೇ ಇರುತ್ತದೆ. ಆಮೇಲೆ ಕಂಟ್ರೋಲ್ ಎ, ಎಫ್9. ಎರಡು ಸಲ. ಪರಿವಿಡಿ ಒಂದು ಪುಟ ಬೆಳೆದರೆ ಪುಟಸಂಖ್ಯೆಗಳೆಲ್ಲ ಮತ್ತೆ ಜರುಗುತ್ತವೆ ಅಲ್ವಾ. ಅಡಿಟಿಪ್ಪಣಿ, ಟೆಕ್ಸ್ಟ್ ಬಾಕ್ಸ್ ಕಂಟ್ರೋಲ್ ಎಗೆ ಸಿಗುವುದಿಲ್ಲ, ಅಲ್ಲಿಗೆ ಹೋಗಿ ಬೇರೆಯಾಗಿ ಒತ್ತಬೇಕು. ಕೊನೆಗೆ ಇಂಗ್ಲಿಷಿನಲ್ಲಿ ‘ಎರರ್!’ ಅಂತ ಹುಡುಕಿದರೆ ಒಂದೂ ಸಿಗಬಾರದು. ವರ್ಡಿನಂಥದೇ ಉಚಿತ ತಂತ್ರಾಂಶ ಲಿಬ್ರೆ ಆಫೀಸಿನಲ್ಲೂ ಅಪ್‌ಡೇಟ್‌ಗೆ ಎಫ್9 ಕೀಲಿಯೇ.

ಕಂಟ್ರೋಲ್ ಶಿಫ್ಟ್ ಎಫ್9 ಮಾತ್ರ ಬೇರೆ. ಅದು ಫೀಲ್ಡುಗಳನ್ನು ಬರೀ ಅಕ್ಷರ ಮಾಡಿಬಿಡುತ್ತದೆ. ಹೊರಗೆ ಕೊಡುವ ನಕಲಿಗೆ ಒಳ್ಳೆಯದು. ನಾನು ಒಮ್ಮೆ ಮೂಲ ಫೈಲಿನಲ್ಲೇ ಎಲ್ಲ ಸೆಲೆಕ್ಟ್ ಮಾಡಿ ಒತ್ತಿ ಸೇವ್ ಮಾಡಿದ್ದೆ. ಪರಿವಿಡಿ, ಚಿತ್ರದ ನಂಬರು, ಉಲ್ಲೇಖ ಎಲ್ಲ ಮತ್ತೆ ಹಾಕಲು ಎರಡು ದಿನ ಹಿಡಿಯಿತು.